ಕುದುರೆಯ ಬಾಲ ಕತ್ತರಿಸುವ ಮುನ್ನ
ಜೇಬಿನ ರಿವಾಲ್ವರು ಇಟ್ಟುಕೊಂಡ ಸದಸ್ಯರಿಗೆ ಒಂದು ಎಚ್ಚರಿಕೆಯ ಮಾತು



ಕೋವಿ ಎಂಬುದು ನಮ್ಮ ಮಲೆನಾಡಿನವರಿಗೆ ಹೊಸ ವಸ್ತುವೇನಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಅನೇಕ ಸದಸ್ಯರ ಮನೆಯಲ್ಲಿದೆ. ರಿವಾಲ್ವರು ಇಟ್ಟುಕೊಂಡವರು ಮಾತ್ರ ಬೆರಳೆಣಿಕೆಯಷ್ಟು. ಅಂಥವರಲ್ಲಿ ಒಬ್ಬರು ಈಚೆಗೆ ಸಂಘದ ಗೋದಾಮಿನಲ್ಲಿ ಅಡಿಕೆ ತೂಕಕ್ಕೆ ಕಾಯುತ್ತಿದ್ದಾಗ ನನ್ನ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿದರು.

"ಅಣ್ಣಾ, ಜೇಬಿನಿಂದ ತೆಗೆಯುವಾಗ ಕುದುರೆಯ ಬಾಲ ಪ್ರತಿಸಲವೂ ಬಟ್ಟೆಗೆ ಸಿಕ್ಕಿಕೊಳ್ಳುತ್ತೆ. ಅಮೆರಿಕದಲ್ಲಿ ಬಾಲವಿಲ್ಲದ ಕುದುರೆಯನ್ನೇ ಬೇರೆ ಮಾರ್ತಾರಂತೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಮುಗೀತಂತೆ. ನಮ್ಮಲ್ಲಿ ಲೇತಿನವನ ಹತ್ತಿರ ಅದನ್ನೇ ಉಜ್ಜಿಸಿಬಿಟ್ಟರೆ ಏನಾಗುತ್ತೆ?"

ಆ ಹೊತ್ತಿನಲ್ಲಿ ನಾನು ಉತ್ತರ ಹೇಳಲಿಲ್ಲ. 1978 ರ ಒಂದು ಶನಿವಾರ ನೆನಪಿಗೆ ಬಂದು ಮಾತು ಹೊರಡಲಿಲ್ಲ. ಅವರಿಗೆ ಹೇಳಬೇಕಾದುದನ್ನು ಎಲ್ಲ ಸದಸ್ಯರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಕುದುರೆ ಮತ್ತು ಅದರ ಬಾಲ

ಹಳೆಯ ಕೇಪಿನ ಕೋವಿ ಕಂಡವರಿಗೆ ಕುದುರೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಹಿಂದಕ್ಕೆ ಎಳೆದು ಬಿಟ್ಟರೆ ಮುಂದಕ್ಕೆ ಹಾರಿ ಕೇಪಿಗೆ ಬಡಿಯುವ ತುಂಡೇ ಕುದುರೆ. ಇಂಗ್ಲಿಷಿನವರು ಇದನ್ನು ಸುತ್ತಿಗೆ ಎಂಬ ಅರ್ಥದಲ್ಲಿ ಹ್ಯಾಮರ್ ಎನ್ನುತ್ತಾರೆ. ರಿವಾಲ್ವರಿನಲ್ಲಿಯೂ ಇದೇ ಕುದುರೆ ತೋಟಾದ ಹಿಂಬದಿಯ ಕೇಪಿಗೆ ಪೆಟ್ಟು ಕೊಡುತ್ತದೆ. ಅದರ ತಲೆಯ ಮೇಲೆ ಹಿಂದಕ್ಕೆ ಚಾಚಿಕೊಂಡು, ಹೆಬ್ಬೆರಳಿಗೆ ಸಿಗುವಂತಿರುವ ಕೊಕ್ಕೆಯೇ ನಾವು ಬಾಲ ಎನ್ನುವ ಭಾಗ.

ಬಾಲಕ್ಕೆ ಇರುವ ಮುಖ್ಯ ಕೆಲಸ ಒಂದು. ರಿವಾಲ್ವರನ್ನು ಎರಡು ರೀತಿಯಲ್ಲಿ ಹಾರಿಸಬಹುದು. ಹೆಬ್ಬೆರಳಿನಿಂದ ಕುದುರೆಯನ್ನು ಎಳೆದು ನಿಲ್ಲಿಸಿ, ಆಮೇಲೆ ಟ್ರಿಗರನ್ನು ಮೆಲ್ಲಗೆ ಒತ್ತುವುದು ಮೊದಲನೆಯ ರೀತಿ. ಇದರಲ್ಲಿ ಟ್ರಿಗರು ಬಹಳ ಹಗುರ, ಒಂದೂವರೆ ಎರಡು ಕಿಲೋ ಭಾರದಷ್ಟು ಒತ್ತಿದರೆ ಸಾಕು. ಕುದುರೆಯನ್ನು ಮುಟ್ಟದೆ ಟ್ರಿಗರನ್ನೇ ಪೂರ್ತಿ ಎಳೆಯುವುದು ಎರಡನೆಯ ರೀತಿ. ಆಗ ಟ್ರಿಗರೇ ಕುದುರೆಯನ್ನು ಹಿಂದಕ್ಕೆ ತಳ್ಳಿ ಕೊನೆಯಲ್ಲಿ ಬಿಡುತ್ತದೆ. ಇದಕ್ಕೆ ಐದು ಕಿಲೋದಷ್ಟು ಬಲ ಬೇಕು. ಗುರಿ ಇಟ್ಟು ನಿಧಾನವಾಗಿ ಹೊಡೆಯುವವರಿಗೆ ಮೊದಲನೆಯದು ಅನುಕೂಲ, ಅಪಾಯ ಎದುರಿಗೆ ಬಂದಾಗ ಉಪಯೋಗಕ್ಕೆ ಬರುವುದು ಎರಡನೆಯದು. ಆದುದರಿಂದಲೇ ಆತ್ಮರಕ್ಷಣೆಗೆಂದು ಜೇಬಿನಲ್ಲಿ ಇಟ್ಟುಕೊಳ್ಳುವವರು "ನನಗೆ ಬಾಲ ಏಕೆ?" ಎಂದು ಕೇಳತೊಡಗಿದರು. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ಉತ್ತರ ಕಂಡುಕೊಳ್ಳಲು ಆ ದೇಶದವರಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು ಎಂಬುದನ್ನು ನಾವು ಗಮನಿಸಬೇಕು.

ಅಮೆರಿಕದ ಜೇಬುಗಳು

ಜೇಬಿಗೆ ಸಿಕ್ಕಿಕೊಳ್ಳದ ರಿವಾಲ್ವರನ್ನು ಕಾರ್ಖಾನೆಯಲ್ಲೇ ತಯಾರಿಸಿದವರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯವರು ಪ್ರಮುಖರು. 1887 ರಲ್ಲಿ ಅವರು ಹೊರಗೆ ಕುದುರೆಯೇ ಕಾಣದ ಒಂದು ಮಾದರಿಯನ್ನು ಮಾರುಕಟ್ಟೆಗೆ ತಂದರು. ಕುದುರೆ ಇರಲಿಲ್ಲವೆಂದಲ್ಲ, ಅದು ಚೌಕಟ್ಟಿನ ಒಳಗೆ ಅಡಗಿತ್ತು. ಹಿಡಿಯ ಹಿಂಬದಿಯಲ್ಲಿ ಒಂದು ಪಟ್ಟಿ ಇದ್ದು, ಅಂಗೈಯಿಂದ ಅದನ್ನು ಬಿಗಿಯಾಗಿ ಅದುಮಿದರೆ ಮಾತ್ರ ಗುಂಡು ಹಾರುತ್ತಿತ್ತು. ಮಕ್ಕಳ ಕೈಗೆ ಸಿಕ್ಕಿದರೂ ಅನಾಹುತ ಆಗಬಾರದೆಂದು ಹೀಗೆ ಮಾಡಿದರೆಂಬ ಕಥೆ ಪ್ರಚಾರದಲ್ಲಿದೆ. ಜನ ಅದಕ್ಕೆ ಇಟ್ಟ ಅಡ್ಡಹೆಸರು "ನಿಂಬೆಹಣ್ಣು ಹಿಂಡುವ ಯಂತ್ರ". ಇದು ಸುಮಾರು 50 ವರ್ಷಗಳ ಕಾಲ ಮಾರಾಟವಾಯಿತು.

1920 ರ ದಶಕದಲ್ಲಿ ಕೋಲ್ಟ್ ಕಂಪನಿಯ ನೌಕರರಾಗಿದ್ದ ಜೆ. ಎಚ್. ಫಿಟ್ಜ್‌ಜೆರಾಲ್ಡ್ ಎಂಬವರು ಬೇರೆ ದಾರಿ ಹಿಡಿದರು. ದೊಡ್ಡ ರಿವಾಲ್ವರುಗಳ ನಳಿಗೆಯನ್ನು ಎರಡಂಗುಲಕ್ಕೆ ತಗ್ಗಿಸಿ, ಕುದುರೆಯ ಬಾಲವನ್ನು ಕತ್ತರಿಸಿ, ಟ್ರಿಗರಿನ ಸುತ್ತ ಇರುವ ಬಳೆಯ ಮುಂಭಾಗವನ್ನೂ ತೆಗೆದು, ಜೇಬಿನಿಂದ ಸರಕ್ಕನೆ ಬರುವಂತೆ ಮಾಡಿದರು. ಇಂಗ್ಲಿಷಿನಲ್ಲಿ ಬಾಲ ಕತ್ತರಿಸಿದ ಕುದುರೆಗೆ "ಬಾಬ್ಡ್" ಎನ್ನುತ್ತಾರೆ. ಸಾರೋಟಿನ ಕುದುರೆಯ ಬಾಲವನ್ನು ಮೋಟು ಮಾಡುವುದಕ್ಕೂ ಅವರಲ್ಲಿ ಇದೇ ಮಾತು. ನಮ್ಮ ಹಳಬರು ಕೋವಿಯ ಈ ಭಾಗವನ್ನು ಕುದುರೆ ಎಂದು ಕರೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಎರಡೂ ಚೆನ್ನಾಗಿ ಹೊಂದಿಕೊಂಡಿವೆ.

1950 ರಲ್ಲಿ ಸ್ಮಿತ್ ಅಂಡ್ ವೆಸನ್‌ನವರು ಐದು ಗುಂಡಿನ ಪುಟ್ಟ ರಿವಾಲ್ವರೊಂದನ್ನು ಅಲ್ಲಿನ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ತೋರಿಸಿದರು. ಅದಕ್ಕೆ "ಚೀಫ್ಸ್ ಸ್ಪೆಷಲ್" ಎಂದು ಹೆಸರಿಟ್ಟವರು ಆ ಸಮ್ಮೇಳನದವರೇ. ಅದಕ್ಕೆ ಬಾಲವಿತ್ತು, ಅದು ಜೇಬಿಗೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಎರಡು ವರ್ಷದಲ್ಲೇ, ಕಂಪನಿ ಹುಟ್ಟಿ ನೂರು ವರ್ಷವಾದ 1952 ರಲ್ಲಿ, ಕುದುರೆ ಪೂರ್ತಿ ಒಳಗಿರುವ "ಸೆಂಟೆನಿಯಲ್" ಎಂಬ ಮಾದರಿ ಬಂತು. 1955 ರಲ್ಲಿ "ಬಾಡಿಗಾರ್ಡ್" ಬಂತು. ಅದರಲ್ಲಿ ಎರಡೂ ಪಕ್ಕದ ಗೋಡೆಗಳನ್ನು ಎತ್ತರಿಸಿ ಕುದುರೆಯ ತುದಿ ಮಾತ್ರ ಸ್ವಲ್ಪ ಕಾಣುವಂತೆ ಮಾಡಿದ್ದರು. ಬಟ್ಟೆಗೆ ಸಿಕ್ಕಿಕೊಳ್ಳುವಂತಿರಲಿಲ್ಲ, ಬೇಕೆಂದಾಗ ಹೆಬ್ಬೆರಳಿನಿಂದ ಎಳೆಯಲೂ ಬರುತ್ತಿತ್ತು.

1987 ರಲ್ಲಿ ಫ್ಲಾರಿಡಾ ರಾಜ್ಯದವರು, ಅರ್ಹತೆ ಇರುವ ನಾಗರಿಕರು ಕೇಳಿದರೆ ಮರೆಯಲ್ಲಿ ಬಂದೂಕು ಒಯ್ಯಲು ಪರವಾನಗಿ ಕೊಡಲೇಬೇಕೆಂಬ ಕಾನೂನು ಮಾಡಿದರು. ಆಮೇಲೆ ಒಂದೊಂದಾಗಿ ಇತರ ರಾಜ್ಯಗಳೂ ಅದೇ ದಾರಿಯಲ್ಲಿ ನಡೆದವು. ಇಂದು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅದಕ್ಕೆ ಪರವಾನಗಿಯೇ ಬೇಕಾಗಿಲ್ಲ. ಜೇಬಿನ ರಿವಾಲ್ವರು ಹೆಚ್ಚಿದಂತೆ ಬಿಡಿಭಾಗಗಳ ವ್ಯಾಪಾರವೂ ಹೆಚ್ಚಿತು. ನಮ್ಮ ಸದಸ್ಯರು ಕೇಳಿದ "ಬಾಲವಿಲ್ಲದ ಕುದುರೆ" ಆ ವ್ಯಾಪಾರದ ಸರಕು.

ಭಾಗ ಬದಲಿಸುವುದೆಂದರೆ

ಉಜ್ಜುವುದರ ಬದಲು ಇನ್ನೊಂದು ಕುದುರೆಯನ್ನೇ ಏಕೆ ಕೊಳ್ಳುತ್ತಾರೆ? ಅದಕ್ಕೆ ಒಳ್ಳೆಯ ಕಾರಣವಿದೆ. ಮೂಲ ಕುದುರೆಯನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟರೆ ಬೇಕೆಂದಾಗ ಮರಳಿ ಹಾಕಬಹುದು, ರಿವಾಲ್ವರಿನ ಬೆಲೆಯೂ ಇಳಿಯುವುದಿಲ್ಲ. ಒಮ್ಮೆ ಉಜ್ಜಿದ ಬಾಲ ಮತ್ತೆ ಬೆಳೆಯುವುದಿಲ್ಲ.

ಆದರೆ ಬದಲಾಯಿಸುವುದು ಜೀಪಿನ ಗಾಲಿ ಬದಲಾಯಿಸಿದಷ್ಟು ಸುಲಭವಲ್ಲ. ಕುದುರೆಯ ಬುಡದಲ್ಲಿ ಟ್ರಿಗರಿನ ತುದಿ ಹಿಡಿದುಕೊಳ್ಳುವ ಸಣ್ಣ ಕಚ್ಚು ಇರುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕುದುರೆ ನಿಲ್ಲಬೇಕಾದಲ್ಲಿ ನಿಲ್ಲದೆ ಜಾರಬಹುದು. ಒಂದೇ ಕಂಪನಿಯ ಒಂದೇ ಹೆಸರಿನ ಎರಡು ರಿವಾಲ್ವರುಗಳ ಕುದುರೆಗಳೂ ಒಂದಕ್ಕೊಂದು ಹೊಂದದೆ ಇರಬಹುದು. ಹಳೆಯ ಸ್ಮಿತ್ ಅಂಡ್ ವೆಸನ್‌ಗಳಲ್ಲಿ ಕೇಪಿಗೆ ಚುಚ್ಚುವ ಮೊಳೆ ಕುದುರೆಯ ಮೂಗಿನ ಮೇಲೆಯೇ ಇರುತ್ತಿತ್ತು. 1990 ರ ದಶಕದ ಕೊನೆಯಿಂದ ಬಂದವುಗಳಲ್ಲಿ ಆ ಮೊಳೆ ಚೌಕಟ್ಟಿಗೆ ಸೇರಿತು. ಹಳೆಯದಕ್ಕೆ ಹೊಸ ಕುದುರೆ ಹಾಕಿದರೆ ಕೇಪಿಗೆ ಪೆಟ್ಟೇ ಬೀಳುವುದಿಲ್ಲ.

ಬಾಲ ಹೋದ ಮೇಲೆ ಎಳೆದು ನಿಲ್ಲಿಸುವ ಕಚ್ಚನ್ನು ಹಾಗೆಯೇ ಬಿಟ್ಟರೆ ಇನ್ನೊಂದು ತೊಡಕು ಇದೆ. ಹೇಗೋ ಕುದುರೆಯನ್ನು ಎಳೆದು ನಿಲ್ಲಿಸಿದಿರಿ ಎನ್ನಿ, ಹೊಡೆಯಬೇಕಾಗಿ ಬರಲಿಲ್ಲ. ಆಗ ಅದನ್ನು ಮೆಲ್ಲಗೆ ಇಳಿಸಬೇಕು. ಹಿಡಿಯಲು ಬಾಲವಿಲ್ಲ, ಬೆವರಿದ ಹೆಬ್ಬೆರಳು ಜಾರಿದರೆ ಗುಂಡು ಹಾರಿತೆಂದೇ ತಿಳಿಯಿರಿ. ಆದುದರಿಂದ ತಿಳಿದವರು ಬಾಲ ತೆಗೆದಾಗ ಆ ಕಚ್ಚನ್ನೂ ತೆಗೆದು, ಟ್ರಿಗರಿನಿಂದ ಮಾತ್ರ ಹಾರುವಂತೆ ಮಾಡುತ್ತಾರೆ.

ಇನ್ನು ಉಜ್ಜುವ ವಿಚಾರ. ಕುಲುಮೆಯಲ್ಲಿ ಕತ್ತಿಗೆ ಹದ ಕೊಡುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕುದುರೆಯ ಹೊರಮೈಗೆ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ವೇಗವಾಗಿ ತಿರುಗುವ ಸಾಣೆಕಲ್ಲಿಗೆ ಹಿಡಿದರೆ ಅದು ಕಾದು ನೀಲಿಗೆ ತಿರುಗುತ್ತದೆ, ಹದ ಹೋಗುತ್ತದೆ. ಕಚ್ಚಿನ ಅಂಚು ಮೆತ್ತಗಾದರೆ ಅದು ದಿನೇ ದಿನೇ ಸವೆಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ಕುದುರೆಯ ತೂಕ ತಗ್ಗಿದರೆ ಪೆಟ್ಟು ತಗ್ಗುವುದೆ ಎಂದು ಕೇಳುವವರಿದ್ದಾರೆ. ಸ್ಪ್ರಿಂಗು ಮೊದಲಿನದೇ ಇದ್ದರೆ ಹಗುರವಾದ ಕುದುರೆ ಹೆಚ್ಚು ವೇಗವಾಗಿ ಬರುತ್ತದೆ, ಸಾಮಾನ್ಯವಾಗಿ ಕೇಪು ಹೊತ್ತಿಕೊಳ್ಳುತ್ತದೆ. ತೊಂದರೆ ಬರುವುದು ಕುದುರೆಯ ಜೊತೆಗೆ, ಟ್ರಿಗರು ಹಗುರವಾಗಲೆಂದು ಸ್ಪ್ರಿಂಗನ್ನೂ ಬದಲಿಸಿದಾಗ. ಆಗ ಗಟ್ಟಿ ಕೇಪಿನ ತೋಟಾ ಬಂದರೆ ಬರೇ "ಟಕ್" ಎಂದು ನಿಲ್ಲುತ್ತದೆ. ಪ್ರಾಣರಕ್ಷಣೆಗೆಂದು ಇಟ್ಟುಕೊಂಡ ವಸ್ತು ಆ ಒಂದು ಗಳಿಗೆಯಲ್ಲಿ ಕೈಕೊಟ್ಟರೆ ಅದರಿಂದ ಏನು ಪ್ರಯೋಜನ?

ಟ್ಯಾಂಕಿನವರ ದೂರು

ಬಾಲ ಕತ್ತರಿಸುವ ಕೆಲಸವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿದವರು ಅಮೆರಿಕದವರಲ್ಲ, ಬ್ರಿಟಿಷ್ ಸೈನ್ಯದವರು. 1932 ರಲ್ಲಿ ಆ ಸೈನ್ಯ ಎನ್‌ಫೀಲ್ಡ್ ಕಾರ್ಖಾನೆಯ .38 ರಿವಾಲ್ವರನ್ನು ಅಂಗೀಕರಿಸಿತು. ವೆಬ್ಲಿ ಕಂಪನಿಯವರು ಅದು ತಮ್ಮ ವಿನ್ಯಾಸವೆಂದು ತಕರಾರು ತೆಗೆದು ಕೊನೆಗೆ 1,250 ಪೌಂಡು ಪರಿಹಾರ ಪಡೆದರು. ಟ್ಯಾಂಕಿನೊಳಗೆ ಹತ್ತಿ ಇಳಿಯುವ ಸಿಪಾಯಿಗಳಿಗೆ ಇದರ ಬಾಲ ಒಳಗಿನ ಸಲಕರಣೆಗಳಿಗೆ ಸಿಕ್ಕಿಕೊಳ್ಳುತ್ತದೆಂಬ ಕಾರಣದಿಂದ 1938 ರಲ್ಲಿ ಬಾಲವಿಲ್ಲದ ಮಾದರಿ ಬಂತು. ಎಳೆದು ನಿಲ್ಲಿಸುವ ಕಚ್ಚನ್ನೂ ತೆಗೆದರು, ಸ್ಪ್ರಿಂಗನ್ನೂ ಅದಕ್ಕೆ ತಕ್ಕಂತೆ ಬದಲಿಸಿದರು. ಹೆಸರಿನ ಮುಂದೆ ಒಂದು ನಕ್ಷತ್ರದ ಗುರುತು ಹಾಕಿದರು. ಹಳೆಯ ರಿವಾಲ್ವರುಗಳು ರಿಪೇರಿಗೆ ಬಂದಾಗಲೆಲ್ಲ ಅವುಗಳ ಕುದುರೆಯನ್ನೂ ಹೀಗೆಯೇ ಮಾರ್ಪಡಿಸಿದರು. ನಿಧಾನವಾಗಿ ಗುರಿ ಹೊಡೆಯಲು ಆಗದೆಂದು ಸಿಪಾಯಿಗಳು ಗೊಣಗಿದರೂ ಕೆಲಸ ಸುರಕ್ಷಿತವಾಗಿತ್ತು, ಏಕೆಂದರೆ ಮಾಡಿದವರು ಸೈನ್ಯದ ಶಸ್ತ್ರ ಕರ್ಮಶಾಲೆಯವರು.

ಮುಂದಿನ ಹೆಜ್ಜೆಯಲ್ಲಿ ತಪ್ಪಿದರು. 1942 ರಲ್ಲಿ ಯುದ್ಧದ ಅವಸರದಲ್ಲಿ, ತಯಾರಿ ಬೇಗ ಆಗಲೆಂದು, ಎರಡು ನಕ್ಷತ್ರದ ಮಾದರಿ ಬಂತು. ಅದರಲ್ಲಿ ಕುದುರೆಯ ಮುಂದೆ ಅಡ್ಡ ನಿಲ್ಲುವ ಪುಟ್ಟ ತಡೆಯೊಂದನ್ನು ಬಿಟ್ಟುಬಿಟ್ಟರು. ಹೊಡೆದಾಗ ರಿವಾಲ್ವರು ಎಂದಿನಂತೆಯೇ ಹಾರುತ್ತಿತ್ತು. ಆದರೆ ಗಟ್ಟಿ ನೆಲದ ಮೇಲೆ ಕುದುರೆ ಕೆಳಗಾಗಿ ಬಿದ್ದರೆ ತಾನಾಗಿಯೇ ಹಾರುವ ಸಂಭವವಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅವುಗಳನ್ನು ವಾಪಸು ತರಿಸಿ ಬಿಟ್ಟಿದ್ದ ತಡೆಯನ್ನು ಮತ್ತೆ ಕೂರಿಸಬೇಕಾಯಿತು. ಬಾಲ ತೆಗೆದದ್ದರಿಂದ ಕೆಡಲಿಲ್ಲ, ಕೆಲಸವಿಲ್ಲದಂತೆ ಕಾಣುತ್ತಿದ್ದ ತುಂಡೊಂದನ್ನು ತೆಗೆದದ್ದರಿಂದ ಕೆಟ್ಟಿತು.

ಕೆಳಗೆ ಬಿದ್ದ ರಿವಾಲ್ವರು

ಇದೇ ಪಾಠವನ್ನು ಅಮೆರಿಕದವರೂ ಕಲಿತರು. 1944 ರ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಹಡಗೊಂದರ ಉಕ್ಕಿನ ಅಟ್ಟದ ಮೇಲೆ ಸ್ಮಿತ್ ಅಂಡ್ ವೆಸನ್‌ನ "ವಿಕ್ಟರಿ" ರಿವಾಲ್ವರು ಬಿದ್ದು, ಹಾರಿ, ನಾವಿಕನೊಬ್ಬ ಸತ್ತ. ಅದರಲ್ಲಿ ಆಗಲೇ ಒಂದು ತಡೆ ಇತ್ತು, ಆದರೆ ಅದು ಸಾಲದಾಯಿತು. ಕಂಪನಿಯವರು ಕೂಡಲೇ ಹೊಸ ತಡೆಯನ್ನು ರೂಪಿಸಿದರು. ಅದು ತೆಳುವಾದ, ಉದ್ದನೆಯ ಒಂದು ಉಕ್ಕಿನ ಪಟ್ಟಿ. ಟ್ರಿಗರನ್ನು ಎಳೆದಾಗ ಪಟ್ಟಿ ಕೆಳಗೆ ಸರಿಯುತ್ತದೆ, ಕುದುರೆಗೆ ದಾರಿ ಬಿಡುತ್ತದೆ. ಬೆರಳು ತೆಗೆದೊಡನೆ ಮೇಲಕ್ಕೆ ಬಂದು ಕುದುರೆಗೂ ಚೌಕಟ್ಟಿಗೂ ನಡುವೆ ಅಡ್ಡ ನಿಲ್ಲುತ್ತದೆ. ಆಗ ಹಿಂದಿನಿಂದ ಪೆಟ್ಟು ಬಿದ್ದರೂ ಮೊಳೆ ಕೇಪನ್ನು ಮುಟ್ಟುವುದಿಲ್ಲ. ಹೊಸ ತಡೆ ಇರುವ ರಿವಾಲ್ವರುಗಳನ್ನು ಗುರುತಿಸಲು ನಂಬರಿನ ಹಿಂದೆ ಇದ್ದ ವಿ ಅಕ್ಷರದ ಜೊತೆಗೆ ಎಸ್ ಎಂಬ ಅಕ್ಷರವನ್ನೂ ಸೇರಿಸಿದರು.

ರೂಗರ್ ಕಂಪನಿಯವರ ಕಥೆಯೂ ಇದಕ್ಕೆ ಹತ್ತಿರದ್ದೇ. 1953 ರಿಂದ 1972 ರವರೆಗೆ ಅವರು ಮಾಡಿದ ಕೌಬಾಯ್ ಮಾದರಿಯ ರಿವಾಲ್ವರುಗಳಲ್ಲಿ ಕುದುರೆಯ ಕೆಳಗಿನ ಗುಂಡಿನ ಮನೆಯನ್ನು ಖಾಲಿ ಬಿಡಬೇಕಿತ್ತು. ಆರು ಮನೆಯಿದ್ದರೂ ಐದು ತೋಟಾ ಮಾತ್ರ. ಈ ನಿಯಮವನ್ನು ಮರೆತವರಿಗೆ ಅಪಘಾತಗಳಾದವು. 1973 ರಲ್ಲಿ ಕಂಪನಿ ಸುರಕ್ಷಿತ ವಿನ್ಯಾಸವನ್ನು ತಂದಿತು. 1982 ರಿಂದ ಹಳೆಯ ರಿವಾಲ್ವರನ್ನು ಕಳಿಸಿದ ಯಾರಿಗೇ ಆದರೂ ಹೊಸ ಕುದುರೆ, ಟ್ರಿಗರು ಮುಂತಾದವನ್ನು ಉಚಿತವಾಗಿ ಕೂರಿಸಿ, ತೆಗೆದ ಭಾಗಗಳನ್ನೂ ಮರಳಿಸುತ್ತಾ ಬಂದಿದೆ. ಆದರೆ ಆ ಹೊಸ ಭಾಗಗಳನ್ನು ಗಿರಾಕಿಯ ಕೈಗೆ ಕೊಡುವುದಿಲ್ಲ, ಕಾರ್ಖಾನೆಯಲ್ಲೇ ಕೂರಿಸಬೇಕು. ಬಂದೂಕು ಅಂಗಡಿಗಳು ಬೀದಿ ಬೀದಿಗಿರುವ ದೇಶದಲ್ಲೂ ತಯಾರಕರು ಇಷ್ಟು ಎಚ್ಚರ ವಹಿಸುತ್ತಾರೆಂದರೆ ನಾವು ಯೋಚಿಸಬೇಕು.

1978 ರ ಬಟವಾಡೆ

ಈಗ ನನ್ನ ಮನೆಯ ಕಥೆ. ಆ ಕಾಲದಲ್ಲಿ ಶನಿವಾರ ಬಟವಾಡೆ. ಪೇಟೆಯ ಬ್ಯಾಂಕಿನಿಂದ ನಗದು ತಂದು ಆಳುಗಳಿಗೆ ಹಂಚಬೇಕಿತ್ತು. ನನ್ನ ಚಿಕ್ಕಪ್ಪ ದಾರಿಯ ಭಯಕ್ಕೆ ಲೈಸೆನ್ಸ್ ಪಡೆದು ಒಂದು ವಿದೇಶೀ .32 ರಿವಾಲ್ವರನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಾಲ ಜೇಬಿನ ಅಸ್ತರಿಗೆ ಸಿಕ್ಕಿ ಎರಡು ಸಲ ಬಟ್ಟೆ ಹರಿಯಿತು. ಪೇಟೆಯ ಒಬ್ಬ ಮೆಕ್ಯಾನಿಕ್ಕಿನ ಬಳಿ ಕೊಟ್ಟು ಬಾಲ ಉಜ್ಜಿಸಿಕೊಂಡು ಬಂದರು. ಪಕ್ಕದ ಮುಚ್ಚಳ ಬಿಚ್ಚಿ, ಕುದುರೆ ಹೊರತೆಗೆದು, ಉಜ್ಜಿ, ಮರಳಿ ಜೋಡಿಸಿದಾಗ ತೆಳ್ಳನೆಯ ಪಟ್ಟಿಯೊಂದು ಮೇಜಿನ ಮೇಲೆ ಉಳಿಯಿತಂತೆ.

"ಇದು ಇಲ್ಲದಿದ್ರೂ ಓಡುತ್ತೆ ಗೌಡ್ರೇ. ಎಲ್ಲಿ ಕೂರುತ್ತೋ ಗೊತ್ತಾಗ್ಲಿಲ್ಲ, ಸುಮ್ನೆ ಇಟ್ಕೊಳ್ಳಿ" ಎಂದು ಕಾಗದದಲ್ಲಿ ಸುತ್ತಿ ಕೊಟ್ಟ. ಚಿಕ್ಕಪ್ಪ ಅದನ್ನು ತಮ್ಮ ಎಲೆ ಅಡಿಕೆ ಪೆಟ್ಟಿಗೆಯಲ್ಲಿ ಹಾಕಿಕೊಂಡರು. ತೋಟಕ್ಕೆ ಬಂದು ಪರೀಕ್ಷೆಗೆಂದು ಮಣ್ಣಿನ ಬರೆಗೆ ಹೊಡೆದರು. ಆರಕ್ಕೆ ಆರೂ ಹಾರಿದವು. "ನೋಡ್ದೇನೋ, ಈಗ ಬೆಣ್ಣೆ ಹಂಗೆ ಬರುತ್ತೆ" ಎಂದು ನನಗೆ ತೋರಿಸಿ ಸಂತೋಷಪಟ್ಟರು.

ಆ ವರ್ಷದ ಡಿಸೆಂಬರಿನಲ್ಲಿ ಅರೇಬಿಕಾ ಹಣ್ಣು ಕೊಯ್ಲು ಭರದಲ್ಲಿತ್ತು. ಬಟವಾಡೆ ಹಣ ತೆಗೆದುಕೊಂಡು ಸಂಜೆ ಹಿಂದಿರುಗುತ್ತಿದ್ದೆವು. ನಾನು ಮುಂದೆ ಕುಳಿತಿದ್ದೆ, ತೋಟದ ರೈಟರು ಜೀಪಿನ ಹಿಂದೆ ಕಾಲು ಇಳಿಬಿಟ್ಟು ಕುಳಿತಿದ್ದರು. ದಾರಿಯ ಉಣುಗೋಲು ತೆಗೆಯಲು ಚಿಕ್ಕಪ್ಪನೇ ಇಳಿದರು. ಜೀಪು ಒಳಗೆ ಬಂದ ಮೇಲೆ ಕೊನೆಯ ಗಳುವನ್ನು ಮರಳಿ ಕೂರಿಸಲು ಬಗ್ಗಿದಾಗ ಕೋಟಿನ ಜೇಬಿನಿಂದ ರಿವಾಲ್ವರು ಜಾರಿ ಮೋರಿಯ ಚಪ್ಪಡಿ ಕಲ್ಲಿನ ಮೇಲೆ ಬಿತ್ತು. ಬಾಲ ಹೋಗಿದ್ದರೂ ಕುದುರೆಯ ಬೆನ್ನು ಹೊರಗೇ ಇತ್ತಷ್ಟೆ. ಅದೇ ಕಲ್ಲಿಗೆ ಬಡಿಯಿತು. ಶಬ್ದವಾಯಿತು. ರೈಟರು "ಅಯ್ಯೋ" ಎಂದದ್ದು ಆಮೇಲೆ. ಗುಂಡು ಅವರ ಮೀನಖಂಡದ ಮೂಲಕ ಹೋಗಿತ್ತು.

ಅವರ ಪ್ರಾಣ ಉಳಿಯಿತು. ಆದರೆ ಬದುಕಿದ್ದಷ್ಟು ಕಾಲ ಆ ಕಾಲನ್ನು ಎಳೆದುಕೊಂಡೇ ತೋಟ ಸುತ್ತಿದರು. ಮನೆಯಲ್ಲಿ ಮೂವರು ಮಕ್ಕಳು, ಮಳೆಗಾಲದ ಜಾರುದಾರಿ. ಚಿಕ್ಕಪ್ಪ ಅವರ ಸಂಸಾರವನ್ನು ನೋಡಿಕೊಂಡರು, ಕೇಸು ಎದುರಿಸಿದರು, ರಿವಾಲ್ವರನ್ನು ಒಪ್ಪಿಸಿಬಿಟ್ಟರು. ಅದನ್ನು ಪರೀಕ್ಷಿಸಿದ ಅಧಿಕಾರಿ ಕೇಳಿದ್ದು ಒಂದೇ ಮಾತು: "ಇದರ ಒಳಗಿನ ಪಟ್ಟಿ ಎಲ್ಲಿ?" ಚಿಕ್ಕಪ್ಪ ಎಲೆ ಅಡಿಕೆ ಪೆಟ್ಟಿಗೆ ತೆರೆದು ತೋರಿಸಿದರು. ಬೀಳುವ ದಿನಕ್ಕೆಂದೇ ಮಾಡಿದ ತುಂಡು ಸುಣ್ಣದ ಡಬ್ಬಿಯ ಪಕ್ಕದಲ್ಲಿ ಬಿದ್ದಿತ್ತು.

ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತೇವೆ. ಮಳೆ ಕಡಿಮೆಯಾದ ವರ್ಷ ಅದು ದಂಡದ ಖರ್ಚೆಂದು ಕಾಣುತ್ತದೆ. ಕೊಳೆ ಬಂದ ವರ್ಷ ಹೊಡೆಯದವನಿಗೆ ಅದರ ಬೆಲೆ ತಿಳಿಯುತ್ತದೆ. ಆ ಪಟ್ಟಿಯೂ ಅಂಥದೇ.

ನಮ್ಮ ಕಾನೂನು ಏನು ಹೇಳುತ್ತದೆ?

ಸದಸ್ಯರು ತಿಳಿದಿರಬೇಕಾದ ಮಾತುಗಳಿವು. 1959 ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕು ತಯಾರಿಸಲು, ಮಾರಲು ಮಾತ್ರವಲ್ಲ, ಮಾರ್ಪಡಿಸಲು, ರಿಪೇರಿ ಮಾಡಲು, ಪರೀಕ್ಷಿಸಲು ಕೂಡ ಪ್ರತ್ಯೇಕ ಲೈಸೆನ್ಸ್ ಬೇಕು. ಲೇತಿನವರ ಬಳಿ ಅದು ಇರುವುದಿಲ್ಲ. ಕಾಯಿದೆಯಲ್ಲಿ "ಶಸ್ತ್ರ" ಎಂಬ ಮಾತಿಗೆ ಶಸ್ತ್ರದ ಭಾಗಗಳೂ ಸೇರಿವೆ. ಹೊರದೇಶದಲ್ಲಿರುವ ನೆಂಟರಿಂದ ಒಂದು ಕುದುರೆಯನ್ನು ಪೊಟ್ಟಣದಲ್ಲಿ ತರಿಸುವುದು ಗಡಿಯಾರದ ಬಿಡಿಭಾಗ ತರಿಸಿದಂತೆ ಅಲ್ಲ. ಅದಕ್ಕೂ ಆಮದು ಪರವಾನಗಿ ಬೇಕು. ನಳಿಗೆಯನ್ನು ಮೋಟು ಮಾಡುವುದಂತೂ ಅದೇ ಕಾಯಿದೆಯಡಿ ಬೇರೆಯೇ ಅಪರಾಧ. ಫಿಟ್ಜ್‌ಜೆರಾಲ್ಡ್‌ರ ಚಾಕಚಕ್ಯತೆ ಅಮೆರಿಕದಲ್ಲಿಯೇ ಇರಲಿ.

2019 ರ ತಿದ್ದುಪಡಿಯಿಂದ ಒಬ್ಬರು ಮೂರರ ಬದಲು ಎರಡೇ ಬಂದೂಕು ಇಟ್ಟುಕೊಳ್ಳಬಹುದು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. 2016 ರ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್‌ಸ್ಟರಿನಲ್ಲಾಗಲಿ ಅಂಥ ಚೀಲದಲ್ಲಾಗಲಿ ಇಟ್ಟು, ಪೂರ್ತಿ ಮುಚ್ಚಿ, ತನ್ನ ಹತೋಟಿಯಲ್ಲಿಯೇ ಒಯ್ಯಬೇಕು. ಅಮೆರಿಕದಲ್ಲಿ ಮರೆಯಲ್ಲಿ ಒಯ್ಯುವುದು ಒಂದು ಹಕ್ಕಿನ ವಿಷಯವಾದರೆ ನಮ್ಮಲ್ಲಿ ಅದು ಕರ್ತವ್ಯ.

ಕೊಡಗಿನ ಸದಸ್ಯರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019 ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021 ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿ ಹಿಡಿದಿದೆ. ಜಿಲ್ಲೆಯ ಹೊರಗೆ ಹೋಗುವಾಗ ಅದರ ಮಿತಿ 100 ಗುಂಡುಗಳೊಡನೆ ಒಂದು ರೈಫಲು, 500 ತೋಟಾಗಳೊಡನೆ ಒಂದು ಸಾದಾ ನಳಿಗೆಯ ಕೋವಿ. ರಿವಾಲ್ವರು ಆ ಪಟ್ಟಿಯಲ್ಲಿಲ್ಲ ಎಂಬುದನ್ನು ನೆನಪಿಡಬೇಕು.

ಹಾಗಾದರೆ ಮಾಡುವುದೇನು?

ಬಾಲ ಬಟ್ಟೆಗೆ ಸಿಕ್ಕಿಕೊಂಡರೆ ಬದಲಿಸಬೇಕಾದದ್ದು ಜೇಬೇ ಹೊರತು ಕುದುರೆಯಲ್ಲ. ರಿವಾಲ್ವರಿನ ಅಳತೆಗೆ ಹೊಲಿಸಿದ ಚರ್ಮದ ಹೋಲ್‌ಸ್ಟರಿನಲ್ಲಿ ಬಾಲವೂ ಮುಚ್ಚಿರುತ್ತದೆ, ಬಗ್ಗಿದಾಗ ಜಾರುವ ಭಯವೂ ಇರುವುದಿಲ್ಲ. ಅದಕ್ಕೊಂದು ಗುಂಡಿಯ ಪಟ್ಟಿ ಇರಲಿ. ಹೊರತೆಗೆಯುವಾಗ ಹೆಬ್ಬೆರಳನ್ನು ಬಾಲದ ಮೇಲೆ ಇಟ್ಟರೆ ಬೆರಳೇ ಅದಕ್ಕೆ ಮರೆ. ಹಳೆಯ ಅಮೆರಿಕನ್ ಪೊಲೀಸರ ಉಪಾಯವೂ ಇದೇ ಆಗಿತ್ತು.

ಹೊಸದು ಕೊಳ್ಳುವವರು ಸಾಮಾನ್ಯ ಲೈಸೆನ್ಸಿನಲ್ಲಿ ನಮ್ಮ ದೇಶದ .32 ರಿವಾಲ್ವರುಗಳನ್ನು ನೋಡಬಹುದು. ಕಾನ್ಪುರದ ಹಳೆಯ ಮಾದರಿ ವೆಬ್ಲಿಯ ಮೂಲದಿಂದ ಬಂದುದು, ಎನ್‌ಫೀಲ್ಡಿನ ದಾಯಾದಿ. 2014 ರಲ್ಲಿ ಬಂದ "ನಿರ್ಭೀಕ್" 500 ಗ್ರಾಂ ತೂಕದ್ದು. ಒಂದೇ ಮನೆತನದವೆಂದು ವೆಬ್ಲಿಯ ಭಾಗವನ್ನು ಎನ್‌ಫೀಲ್ಡಿಗೂ, ಅದರ ಭಾಗವನ್ನು ಇದಕ್ಕೂ ಹಾಕಲು ಬರುವುದಿಲ್ಲ.

ಹಳೆಯ ರಿವಾಲ್ವರು ಇರುವವರು, ಅದರಲ್ಲೂ ಅಜ್ಜ ತಂದೆಯರ ಕಾಲದಿಂದ ಬಂದದ್ದು ಇರುವವರು, ಒಮ್ಮೆ ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರಿಗೆ ತೋರಿಸಿ, ಒಳಗಿನ ತಡೆ ಸರಿಯಾಗಿದೆಯೇ, ಇದೆಯೇ ಎಂದು ಕೇಳಿಕೊಳ್ಳುವುದು ಲೇಸು. ಉತ್ತರ ಸಿಗುವವರೆಗೆ ಕುದುರೆಯ ಕೆಳಗಿನ ಮನೆಯನ್ನು ಖಾಲಿ ಬಿಡಿ. ಒಂದು ತೋಟಾ ಕಡಿಮೆಯಾದರೆ ನಷ್ಟವೇನಿಲ್ಲ.

ಗೋದಾಮಿನಲ್ಲಿ ನನ್ನನ್ನು ಪ್ರಶ್ನೆ ಕೇಳಿದ ಸದಸ್ಯರೇ, ಅಂದು ನಾನು ಸುಮ್ಮನಿದ್ದುದಕ್ಕೆ ಕ್ಷಮಿಸಿ. ನಿಮ್ಮ ರಿವಾಲ್ವರನ್ನು ಲೇತಿಗೆ ಕೊಡಬೇಡಿ. ಪೇಟೆಯಲ್ಲಿ ಒಳ್ಳೆಯ ಚರ್ಮದ ಕೆಲಸದವರು ಇದ್ದಾರೆ, ಮುಂದಿನ ಸಂತೆಯ ದಿನ ನಾನೂ ಜೊತೆಗೆ ಬರುತ್ತೇನೆ.